ರಸ್ತೆಯಲ್ಲಿ ಪಂಕ್ತಿಭೇದ ಯಾಕೆ?

ಎರಡು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ನಾನೊಂದು ಸಣ್ಣ ಲೇಖನ ಬರೆದಿದ್ದೆ. ದಿನಾ ಸ್ಕೂಟರಿನಲ್ಲಿ, ಮೊಪೆಡ್ಡಿನಲ್ಲಿ ಕೆಲಸಕ್ಕೆ ಹೋಗಿಬರುವವರೂ ರೈಡರುಗಳೇ, ಬೈಕ್ ಕ್ಲಬ್ಬಿನವರು ಭಾನುವಾರ ನಡೆಸುವ ತರಬೇತಿಗೆ ಅವರನ್ನೂ ಸೇರಿಸಿಕೊಳ್ಳಿ ಅನ್ನುವುದಷ್ಟೇ ಅದರ ಸಾರ. ಅದಕ್ಕೆ ಹನ್ನೊಂದು ಪತ್ರ ಬಂದಿವೆ. ಏಳರಲ್ಲಿ ಸಿಟ್ಟಿದೆ, ಎರಡರಲ್ಲಿ ತಿರಸ್ಕಾರ, ಒಂದರಲ್ಲಿ ಹೊಗಳಿಕೆ. ಒಂದರಲ್ಲಿ ಮಾತ್ರ ಕಲಿಯಲೆಂದು ಕೇಳಿದ ಪ್ರಶ್ನೆಯಿದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಕೆಲವು ಪತ್ರಗಳು ಶ್ರಮಪಟ್ಟು ಬರೆದವು. ಅವುಗಳಿಗೆ ಉತ್ತರ ಕೊಡದೆ ಸುಮ್ಮನಿರುವುದು ಸರಿಯಲ್ಲ.

ಮೊದಲಿಗೆ ಬೆಂಗಳೂರಿನಿಂದ ಬಂದ ಪತ್ರ. “ನೂರು ಸಿಸಿ ಗಾಡಿ ಓಡಿಸುವುದು ರೈಡಿಂಗ್ ಅಲ್ಲ, ಸಾಗಾಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ” ಎಂದು ಬರೆದಿದ್ದಾರೆ. ಅದೇ ಪತ್ರದ ಎರಡನೇ ಪುಟದಲ್ಲಿ ತಮ್ಮ ಕಾಲೇಜು ದಿನಗಳ ಯಮಹಾ ಆರ್‌ಎಕ್ಸ್ 100 ಬಗ್ಗೆ ಮನಸ್ಸು ಕರಗುವ ಹಾಗೆ ಬರೆದಿದ್ದಾರೆ. ಆರ್‌ಎಕ್ಸ್ 100ರ ಎಂಜಿನ್ 98 ಸಿಸಿ. ನಮ್ಮ ಶಾಲೆಯ ಅಟೆಂಡರ್ ಓಡಿಸುವ ಸ್ಪ್ಲೆಂಡರಿನದು 97.2. ಎರಡರ ನಡುವೆ ಒಂದು ಸಿಸಿಯಷ್ಟೂ ವ್ಯತ್ಯಾಸವಿಲ್ಲ. ಆರ್‌ಎಕ್ಸ್‌ನದು ಟೂ ಸ್ಟ್ರೋಕ್ ಎಂಜಿನ್, ಹಗುರ ಮೈ, ಎಳೆತ ಜಾಸ್ತಿ. ಅದೆಲ್ಲ ನಿಜ. ಆದರೆ ಸಿಸಿಯ ಗೆರೆ ಎಳೆದವರು ನೀವು, ನಿಮ್ಮ ಪ್ರೀತಿಯ ಗಾಡಿಯೇ ಆ ಗೆರೆಯ ಆಚೆಗೆ ಬಿದ್ದಿದೆ.

ಈ ಮಾತನ್ನು ಇಲ್ಲಿಗೇ ಬಿಡಲು ಮನಸ್ಸಿಲ್ಲ, ಯಾಕೆಂದರೆ ಗಾಡಿಯ ಅಂತಸ್ತು ಬದಲಾಗುವುದನ್ನು ನಮ್ಮ ಮನೆಯಂಗಳದಲ್ಲೇ ನೋಡಿದವಳು ನಾನು. ನಮ್ಮ ಚಿಕ್ಕಪ್ಪನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 1961ರಲ್ಲಿ ಅಲ್ಲಿ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು, ಮುಂದೆ ಅದೇ ಗಾಡಿಗಳು ಯೆಜ್ಡಿ ಎಂಬ ಹೆಸರಲ್ಲಿ ಬಂದವು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಚಿಕ್ಕಪ್ಪ ಅದರ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಿದ್ದರು. ಅಡಿಕೆ ಕೊಯ್ಲಿನಲ್ಲಿ ಗೊನೆಯನ್ನೂ ಹೇರುತ್ತಿದ್ದರು. ಕಿಕ್ ಹೊಡೆಯುವ ಲಿವರೇ ಅದರಲ್ಲಿ ಗೇರ್ ಲಿವರ್ ಕೂಡ ಆಗುತ್ತಿತ್ತು. ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುವ ಕೆಲಸ ಮಕ್ಕಳಾದ ನಮ್ಮದು. ಆಗ ಅದನ್ನು ಕ್ಲಾಸಿಕ್ ಎಂದು ಯಾರೂ ಕರೆಯಲಿಲ್ಲ. ಹೊಗೆ ಬಿಡುವ ಹಾಲಿನ ಗಾಡಿ ಎಂದು ಮೂಗು ಮುಚ್ಚಿಕೊಂಡವರೇ ಹೆಚ್ಚು. ಈಗ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಊರೂರಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಸಂತೋಷ, ಅದು ಆ ಗಾಡಿಗೆ ಸಲ್ಲಬೇಕಾದ ಗೌರವವೇ. ಆದರೆ ಕಬ್ಬಿಣ ಅದೇ, ಎಂಜಿನ್ ಅದೇ, ಸದ್ದೂ ಅದೇ. ಬದಲಾದದ್ದು ನೋಡುವ ಕಣ್ಣು. ಹಾಲು ಹೊತ್ತು ಅದನ್ನು ಹದಿನೆಂಟು ವರ್ಷ ಓಡಿಸಿದ ಚಿಕ್ಕಪ್ಪ ನಿಮ್ಮ ಲೆಕ್ಕದಲ್ಲಿ ಸಾಗಾಟದವರು, ಅದೇ ಗಾಡಿಯನ್ನು ಗುಜರಿಯಿಂದ ಕೊಂಡು ಬಣ್ಣ ಹೊಡೆಸಿದವರು ರೈಡರ್. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಶಿವಮೊಗ್ಗದ ಯುವಕರೊಬ್ಬರದು ಕಿಲೋಮೀಟರಿನ ವಾದ. ಅವರು ಲಡಾಖಿಗೆ ಹೋಗಿಬಂದಿದ್ದಾರೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ಸಾವಿರ ಮೈಲಿ ಮುಗಿಸಿದ್ದಾರೆ. ಅಮೆರಿಕದ ಐರನ್ ಬಟ್ ಸಂಸ್ಥೆ ಪ್ರಮಾಣಪತ್ರ ಕೊಡುವ ಓಟ ಅದು, 1,609 ಕಿಲೋಮೀಟರ್. ಊಟ, ಪೆಟ್ರೋಲು, ಎಲ್ಲ ನಿಲುಗಡೆ ಸೇರಿಸಿ ಗಂಟೆಗೆ ಸರಾಸರಿ 67 ಕಿಲೋಮೀಟರ್ ಹೋಗಬೇಕು. ನಮ್ಮ ದೇಶದ ರಸ್ತೆಯಲ್ಲಿ ಅದಕ್ಕೆ ಎಷ್ಟು ಗಟ್ಟಿ ಮೈ, ಎಷ್ಟು ಎಚ್ಚರ ಬೇಕೆಂದು ನನಗೆ ಗೊತ್ತು. ಅವರ ಸಾಧನೆಯಲ್ಲಿ ಒಂದು ಕಿಲೋಮೀಟರನ್ನೂ ನಾನು ಕಡಿಮೆ ಮಾಡುವುದಿಲ್ಲ. ಅವರು ಕೇಳಿದ್ದು ಇದು: “ನೀವು ಎಷ್ಟು ಓಡಿಸಿದ್ದೀರಿ ಮೇಡಂ?”

ಕೇಳಿದ್ದರಿಂದ ಹೇಳುತ್ತೇನೆ. ಕೊಪ್ಪದಿಂದ ನಮ್ಮ ಶಾಲೆಗೆ ಹದಿನೇಳು ಕಿಲೋಮೀಟರ್. ಹೋಗಿಬರಲು ಮೂವತ್ತನಾಲ್ಕು. ವರ್ಷಕ್ಕೆ 220 ದಿನ ಶಾಲೆ ಅಂತಿಟ್ಟುಕೊಂಡರೆ 7,480. ಹತ್ತೊಂಬತ್ತು ವರ್ಷಕ್ಕೆ 1,42,120 ಕಿಲೋಮೀಟರ್. ಭೂಮಿಯನ್ನು ಸಮಭಾಜಕ ವೃತ್ತದ ಗುಂಟ ಮೂರೂವರೆ ಸುತ್ತು ಹಾಕಿದಷ್ಟು. ಅದರಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಲೆನಾಡಿನ ಮಳೆ. ತಿರುವಿನಲ್ಲಿ ಪಾಚಿ, ಕೊಳೆತ ಎಲೆ, ಎದುರಿನಿಂದ ದಿಮ್ಮಿ ಹೇರಿದ ಲಾರಿ, ಮಧ್ಯಾಹ್ನ ಮೂರಕ್ಕೇ ಹೆಡ್‌ಲೈಟ್ ಹಾಕುವಂಥ ಕತ್ತಲೆ. ಈ ಲೆಕ್ಕ ಕೊಟ್ಟದ್ದು ನಿಮ್ಮನ್ನು ಸೋಲಿಸಲಿಕ್ಕಲ್ಲ. ನಮ್ಮ ತಾಲ್ಲೂಕಿನಲ್ಲೇ ನನ್ನಂಥವರು ನೂರಾರು ಜನ ಇದ್ದಾರೆ. ಪೋಸ್ಟ್‌ಮ್ಯಾನ್, ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ, ಬೇಕರಿಗೆ ಬ್ರೆಡ್ ತಲುಪಿಸುವ ಹುಡುಗ. ಬೆಂಗಳೂರಿನಲ್ಲಿ ಬೆನ್ನಿಗೆ ಊಟದ ಚೀಲ ಹಾಕಿಕೊಂಡು ರಾತ್ರಿ ಹನ್ನೆರಡರವರೆಗೆ ಸುತ್ತುವ ಹುಡುಗರಿದ್ದಾರೆ. ಕಿಲೋಮೀಟರೇ ಅಳತೆಗೋಲಾದರೆ ಮೊದಲ ಪಂಕ್ತಿಯಲ್ಲಿ ಕೂರಬೇಕಾದವರು ಇವರು. ಇವರ ಓಡೋಮೀಟರನ್ನು ಯಾರೂ ಬಗ್ಗಿ ನೋಡಿಲ್ಲ.

ಇನ್ನು ಲಡಾಖ್. ಖಾರ್ದುಂಗ್ ಲಾ ನೆತ್ತಿಯಲ್ಲಿ ನಿಂತು ತೆಗೆದ ಫೋಟೋವನ್ನು ಪತ್ರದ ಜೊತೆಗಿಟ್ಟಿದ್ದೀರಿ. ಹಿಂದಿನ ಹಳದಿ ಬೋರ್ಡಿನಲ್ಲಿ 18,380 ಅಡಿ ಎಂದಿದೆ. ಉಪಕರಣವಿಟ್ಟು ಅಳೆದವರಿಗೆ ಸಿಕ್ಕ ಎತ್ತರ ಸುಮಾರು 17,582 ಅಡಿ. ಎಂಟುನೂರು ಅಡಿ ಬೋರ್ಡಿನಲ್ಲಷ್ಟೇ ಇದೆ. ನೀವು ಪಟ್ಟ ಶ್ರಮ ಅದರಿಂದ ಒಂದಿಷ್ಟೂ ಸುಳ್ಳಾಗುವುದಿಲ್ಲ. ಉಸಿರು ಸಿಗದ ಜಾಗದಲ್ಲಿ ಹಿಮ ಕರಗಿದ ನೀರಿನಲ್ಲಿ ಗಾಡಿ ದಾಟಿಸಿದ್ದು ನಿಜ. ನಾನು ಹೇಳುವುದು ಇಷ್ಟೇ: ಬೋರ್ಡಿನ ಮೇಲೆ ಬರೆದ ಅಂಕಿಯಿಂದ ಆ ಶ್ರಮವನ್ನು ಅಳೆಯಲಾಗದಿದ್ದರೆ, ಬೋರ್ಡೇ ಇಲ್ಲದ ರಸ್ತೆಯಲ್ಲಿ ಪಟ್ಟ ಶ್ರಮವನ್ನು ಇಲ್ಲವೆನ್ನುವುದು ಹೇಗೆ? ನೀವೇ ಮೆಚ್ಚಿ ಹೆಸರಿಸಿದ ಟೆಡ್ ಸೈಮನ್ 1973ರಿಂದ 1977ರವರೆಗೆ 500 ಸಿಸಿಯ ಟ್ರಯಂಫ್‌ನಲ್ಲಿ ಲಕ್ಷ ಕಿಲೋಮೀಟರ್ ಮಿಕ್ಕಿ ಜಗತ್ತು ಸುತ್ತಿದರು, ಭಾರತದಲ್ಲೂ ಓಡಾಡಿದರು. ಹೊರಡಬೇಕೆಂದು ತೀರ್ಮಾನಿಸಿದ ದಿನ ಅವರಿಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಅದಕ್ಕಾಗಿಯೇ ಕಲಿತರು. ಅವತ್ತು ಅವರು ನಿಮ್ಮ ಕ್ಲಬ್ಬಿನ ಬಾಗಿಲಿಗೆ ಬಂದಿದ್ದರೆ ಏನು ಹೇಳಿ ಕಳಿಸುತ್ತಿದ್ದಿರಿ?

ಹಾಸನದಿಂದ ಬರೆದವರೊಬ್ಬರ ಹೆಮ್ಮೆ ಬೇರೆ ಥರದ್ದು. “ನಾವು ನೂರರಲ್ಲಿ ಒಬ್ಬರು. ಉಳಿದ ತೊಂಬತ್ತೊಂಬತ್ತು ಜನ ಗಾಡಿ ಇಟ್ಟುಕೊಂಡವರು ಮಾತ್ರ” ಎನ್ನುತ್ತಾರೆ. ತಮ್ಮ ಜಾಕೆಟ್ಟಿನ ಮೇಲೆ ‘ಒಂದು ಪರ್ಸೆಂಟ್’ ಎಂಬ ಪಟ್ಟಿ ಹೊಲಿಸಿಕೊಂಡಿದ್ದಾರಂತೆ. ಆ ಪಟ್ಟಿಯ ಕತೆ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಿನಿಂದ ಶುರುವಾಗುತ್ತದೆ. 1947ರ ಜುಲೈನಲ್ಲಿ ಅಲ್ಲಿ ಬೈಕಿನವರ ಜಾತ್ರೆಯಂಥ ಕೂಟ ನಡೆಯಿತು, ಕುಡಿತ, ಗಲಾಟೆ ಆಯಿತು. ಪತ್ರಿಕೆಗಳು ಅದನ್ನು ದೊಡ್ಡದು ಮಾಡಿ ಬರೆದವು. ತೊಂಬತ್ತೊಂಬತ್ತು ಪಾಲು ಬೈಕಿನವರು ಸಭ್ಯರು, ತಂಟೆ ಒಂದು ಪಾಲಿನವರದು ಎಂದು ಅಮೆರಿಕದ ಮೋಟರ್‌ಸೈಕಲ್ ಸಂಘ ಹೇಳಿತೆಂಬ ಮಾತು ಹಬ್ಬಿತು. ಹಾಗೆ ಹೇಳಿದ್ದಕ್ಕೆ ದಾಖಲೆಯೇ ಇಲ್ಲವೆಂದು ಆ ಸಂಘವೇ ಮುಂದೆ ಸ್ಪಷ್ಟಪಡಿಸಿತು. ಅಷ್ಟರಲ್ಲಿ ಕಾನೂನಿಗೆ ಬಗ್ಗದ ಗುಂಪುಗಳು ಅದನ್ನೇ ಬಿರುದಾಗಿ ಎದೆಗೆ ಹಚ್ಚಿಕೊಂಡಿದ್ದವು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಪ್ರಾಮಾಣಿಕವಾಗಿ ದುಡಿದು ನಿವೃತ್ತರಾದವರು ನೀವು, ಪತ್ರದಲ್ಲಿ ಹಾಗೆಂದು ಬರೆದಿದ್ದೀರಿ. ಆ ಪಟ್ಟಿಗಿಂತ ನಿಮ್ಮ ಬದುಕು ದೊಡ್ಡದು ಸಾರ್. ದಯವಿಟ್ಟು ಅದನ್ನು ಬಿಚ್ಚಿಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಪತ್ರ. ಕ್ಲಬ್ಬೊಂದರ ಹಿರಿಯ ಸದಸ್ಯರು ಬರೆದದ್ದು, ಹೆಸರು ಬೇಡ. “ಹವಾಯಿ ಚಪ್ಪಲಿ, ಅರ್ಧ ತಲೆಯ ಹೆಲ್ಮೆಟ್ಟು ಹಾಕಿಕೊಂಡು ಬರುವವರಿಗೆ ಕಲಿಯುವ ಆಸಕ್ತಿಯೇ ಇಲ್ಲ. ಅವರನ್ನು ಸೇರಿಸಿಕೊಂಡರೆ ತರಬೇತಿಯ ಮಟ್ಟ ಇಳಿಯುತ್ತದೆ. ಅವರ ಮೂವತ್ತು ನಲವತ್ತರ ವೇಗಕ್ಕೆ ತರಬೇತಿ ಯಾಕೆ ಬೇಕು?”

ಹೆಲ್ಮೆಟ್ಟಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಶೇಕಡಾ 44.5 ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅವರಲ್ಲಿ 14,337 ಜನ ಹಿಂದೆ ಕೂತವರು. ಹಿಂದೆ ಕೂತವರೆಂದರೆ ನಮ್ಮಲ್ಲಿ ಹೆಚ್ಚಾಗಿ ಹೆಂಡತಿ, ತಾಯಿ, ಮಗು. ಐಎಸ್ಐ ಗುರುತಿನ ಹೆಲ್ಮೆಟ್ ಇಲ್ಲದೆ ನನ್ನ ಸ್ಕೂಟರಿನಲ್ಲಿ ಯಾರೂ ಕೂರುವ ಹಾಗಿಲ್ಲ. ಇದರಲ್ಲಿ ನಮ್ಮಿಬ್ಬರ ನಡುವೆ ಜಗಳವೇ ಇಲ್ಲ.

ಜಗಳ ಇರುವುದು ನಿಮ್ಮ ಕೊನೆಯ ವಾಕ್ಯದ ಜೊತೆ. ಮೂವತ್ತು ನಲವತ್ತರ ವೇಗಕ್ಕೆ ತರಬೇತಿ ಯಾಕೆ ಅಂದಿರಿ. ಬೈಕ್ ಅಪಘಾತಗಳ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಅಧ್ಯಯನಗಳಲ್ಲಿ ಒಂದು ಹ್ಯಾರಿ ಹರ್ಟ್ ಅವರದು. ಲಾಸ್ ಏಂಜಲಿಸ್ ಸುತ್ತಮುತ್ತ ಒಂಬೈನೂರು ಅಪಘಾತಗಳ ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ಅವರ ತಂಡ ವರದಿ ಕೊಟ್ಟಿತು. ಗುದ್ದುವ ಹೊತ್ತಿನ ವೇಗಗಳ ಮಧ್ಯಮಾಂಕ ಗಂಟೆಗೆ 21.5 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್. ಹೆಚ್ಚಿನ ಅಪಘಾತಗಳು ಅಂಗಡಿಗೋ ಸ್ನೇಹಿತರ ಮನೆಗೋ ಹೋಗುವ ಸಣ್ಣ ಓಡಾಟದಲ್ಲಿ, ಹೊರಟ ಜಾಗದ ಹತ್ತಿರದಲ್ಲೇ ಆದವು. ತಪ್ಪಿಸಿಕೊಳ್ಳಲು ಸವಾರನಿಗೆ ಸಿಕ್ಕಿದ್ದು ಎರಡು ಸೆಕೆಂಡಿಗೂ ಕಡಿಮೆ ಸಮಯ. ಆ ಎರಡು ಸೆಕೆಂಡಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಬಲವಾಗಿ ಒತ್ತಿ ಚಕ್ರ ಜಾರಿಸಿದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯಲಿಲ್ಲ. ಅಪಘಾತಕ್ಕೆ ಸಿಕ್ಕಿದವರಲ್ಲಿ ಶೇಕಡಾ 92 ಜನ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಸ್ನೇಹಿತರಿಂದ ಕಲಿತವರು.

ಈ ಕೊನೆಯ ಎರಡು ಸಂಗತಿಗಳನ್ನು ನಾನು ವರದಿ ಓದುವುದಕ್ಕೆ ಮೊದಲೇ ಮೈಯಿಂದ ತಿಳಿದಿದ್ದೆ. ಆಷಾಢದ ಒಂದು ಬೆಳಿಗ್ಗೆ ತಿರುವು ದಾಟುತ್ತಿದ್ದಂತೆ ರಸ್ತೆಗೆ ಅಡ್ಡವಾಗಿ ಜೀಪೊಂದು ಹಿಂದಕ್ಕೆ ಬರುತ್ತಿತ್ತು. ಗಾಡಿ ಕಲಿಸುವಾಗ ಅಣ್ಣ ಹೇಳಿದ್ದ ಮಾತು ಒಂದೇ: ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳ್ತೀಯ. ಲೈಸೆನ್ಸಿನ ದಿನ ನೆಲದ ಮೇಲೆ ಎಂಟು ಹಾಕಿಸಿದರು, ಕಾಲು ಊರಲಿಲ್ಲ, ಪಾಸಾದೆ. ಬ್ರೇಕ್ ಹಾಕಿ ತೋರಿಸು ಅಂತ ಯಾರೂ ಕೇಳಲಿಲ್ಲ. ಹಾಗಾಗಿ ಆ ತಿರುವಿನಲ್ಲಿ ನನಗೆ ಗೊತ್ತಿದ್ದ ಒಂದೇ ಬ್ರೇಕನ್ನು ಬಿಗಿಯಾಗಿ ಹಿಡಿದೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಭುಜದ ಮುಂದಿನ ಎಲುಬು ಮುರಿದು ಏಳು ವಾರ ಮನೆಯಲ್ಲಿದ್ದೆ. ವೇಗ ಮೂವತ್ತೈದೂ ಇರಲಿಲ್ಲ.

ನೋಡಲು ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ದೊಡ್ಡ ಬೈಕು, ಮೊಣಕಾಲಿಗೆ ಕವಚ, ನೀವು ಹೇಳುವ ಅಪ್ಪಟ ರೈಡರ್. ಹೇಗೆ ಬಿದ್ದಿರಿ ಎಂದು ಎಲ್ಲರೂ ಕೇಳಿದರು, ಅವನು ಮಾತ್ರ “ಯಾವ ಬ್ರೇಕ್ ಹಿಡಿದಿರಿ ಟೀಚರ್?” ಎಂದು ಕೇಳಿದ. ಎಲುಬು ಕೂಡಿಕೊಂಡ ಮೇಲೆ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ ಸುಣ್ಣದಲ್ಲಿ ಎರಡು ಗೆರೆ ಎಳೆದ. ಬಸ್ಸಿನವನು ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಗಾಡಿಯ ಭಾರವೂ ಹಾಗೇ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ, ಹಿಡಿತ ಇರುವುದು ಮುಂದೆ ಎಂದು ವಿವರಿಸಿದ. ಮೂರು ಭಾನುವಾರಗಳಲ್ಲಿ ನಾನು ಗಾಡಿ ನಿಲ್ಲಿಸುವ ದೂರ ಅರ್ಧಕ್ಕೆ ಇಳಿಯಿತು. ಅಷ್ಟರಲ್ಲಾಗಲೇ ಹತ್ತು ವರ್ಷ ದಿನಾ ಓಡಿಸಿದ್ದವಳಿಗೆ ಗೊತ್ತಿಲ್ಲದ್ದನ್ನು ಅವನು ಮೂರು ಬೆಳಗಿನಲ್ಲಿ ಕಲಿಸಿದ. ಅವನ ವಿದ್ಯೆಯ ಮೇಲೆ ನನಗಿರುವ ಗೌರವ ನಿಮ್ಮ ಯಾರಿಗಿಂತಲೂ ಕಡಿಮೆಯಿಲ್ಲ.

ಆಮೇಲೆ ಅವನೇ ನನ್ನನ್ನು ತನ್ನ ಗುಂಪಿನ ತರಬೇತಿಗೆ ಕರೆದುಕೊಂಡು ಹೋದ. ಬಾಗಿಲಲ್ಲಿ ನಿಂತವರು ನನ್ನ ಸ್ಕೂಟರನ್ನು ನೋಡಿ “ಇದು ರೈಡರ್‌ಗಳಿಗೆ ಮೇಡಂ” ಅಂದರು. ಒರಟಾಗಿ ಹೇಳಲಿಲ್ಲ, ನಯವಾಗಿಯೇ ಹೇಳಿದರು. ನನ್ನ ಹುಡುಗ ತಲೆ ತಗ್ಗಿಸಿದ. ಅವತ್ತು ನನಗೆ ನೋವಾದದ್ದು ನನ್ನ ಸಲುವಾಗಿ ಅಲ್ಲ. ನಾನಂತೂ ಕಲಿತಾಗಿತ್ತು. ನಮ್ಮ ಶಾಲೆಗೆ ಮಕ್ಕಳನ್ನು ಮುಂದೊಂದು ಹಿಂದೊಂದು ಕೂರಿಸಿಕೊಂಡು ಬರುವ ತಂದೆತಾಯಿಯರು ಕಣ್ಣಿಗೆ ಬಂದರು. ಅವರಲ್ಲಿ ಒಬ್ಬರಿಗಾದರೂ ಮುಂದಿನ ಬ್ರೇಕ್ ಹಿಡಿಯುವುದು ಹೇಗೆಂದು ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ವಿದ್ಯೆ ಇರುವುದು ನಿಮ್ಮ ಹತ್ತಿರ. ಬೀಳುವವರು ಹೊರಗಿದ್ದಾರೆ. ನಡುವೆ ನಿಂತಿರುವುದು ‘ರೈಡರ್’ ಎಂಬ ಒಂದು ಪದ. ಅದಕ್ಕೇ ನಾನು ಆ ಲೇಖನ ಬರೆದದ್ದು, ಸ್ಕೂಟರಿಗೆ ಮಾನಸನ್ಮಾನ ಕೇಳಲಿಕ್ಕಲ್ಲ.

ಮಟ್ಟ ಇಳಿಯುತ್ತದೆ ಎಂಬ ಭಯಕ್ಕೂ ಒಂದು ಮಾತು. ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದರಿಂದ ಹತ್ತನೇ ತರಗತಿಯ ಮಟ್ಟ ಇಳಿದದ್ದನ್ನು ನಾನು ಕಂಡಿಲ್ಲ.

ಸ್ಕೂಟಿ ಓಡಿಸುವ ಹೆಂಗಸರ ಬಗ್ಗೆ ಎರಡು ಪತ್ರಗಳಲ್ಲಿರುವ ಮಾತುಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಕಾಲು ಇಳಿಬಿಟ್ಟುಕೊಂಡು ಬರುತ್ತಾರೆ, ಇಂಡಿಕೇಟರ್ ಒಂದು ಕಡೆ ತಿರುಗುವುದು ಇನ್ನೊಂದು ಕಡೆ ಎನ್ನುವ ಹಳೆಯ ಹಾಡೇ ಅದು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯರು ಅವರು, ಗಂಡಸರನ್ನೂ ಸೇರಿಸಿ ಮೊದಲಿಗರು. ಇಷ್ಟು ಸಾಕು.

ಸ್ಕೂಟರ್ ಮತ್ತು ಬೈಕಿನ ಮೇಲಾಟ ನಮ್ಮಲ್ಲೇ ಹುಟ್ಟಿದ್ದೂ ಅಲ್ಲ. 1964ರಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್, ಮಾರ್ಗೇಟ್, ಬ್ರೈಟನ್ ಕಡಲತೀರಗಳಲ್ಲಿ ಸ್ಕೂಟರಿನ ‘ಮಾಡ್’ ಹುಡುಗರೂ ಬೈಕಿನ ‘ರಾಕರ್’ ಹುಡುಗರೂ ಹೊಡೆದಾಡಿಕೊಂಡರು. ಅದರ ಬಗ್ಗೆ 1972ರಲ್ಲಿ ಪುಸ್ತಕ ಬರೆದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್, ಗಲಾಟೆಗಿಂತ ಗಲಾಟೆಯ ಸುದ್ದಿ ಎಷ್ಟೋ ದೊಡ್ಡದಾಗಿತ್ತೆಂದು ತೋರಿಸಿದರು. ಎರಡೂ ಗುಂಪಿನವರು ದುಡಿದು ತಿನ್ನುವ ಮನೆಗಳ ಹುಡುಗರೇ ಹೆಚ್ಚಾಗಿ.

ನನ್ನನ್ನು ಹೊಗಳುತ್ತಲೇ ತಪ್ಪು ಮಾಡಿದ ಪತ್ರವೂ ಒಂದಿದೆ, ತೀರ್ಥಹಳ್ಳಿಯದು. “ಚೆನ್ನಾಗಿ ಹೇಳಿದಿರಿ ಅಕ್ಕ. ಈ ದೊಡ್ಡ ಬೈಕಿನವರೆಲ್ಲ ಶೋಕಿಗೆ ಹುಟ್ಟಿದವರು, ಅಪ್ಪನ ದುಡ್ಡು, ಸೈಲೆನ್ಸರಿನ ಸದ್ದು, ಅಷ್ಟೆ” ಎಂದಿದ್ದಾರೆ. ಇಲ್ಲ ತಮ್ಮಾ, ನಾನು ಹಾಗೆ ಹೇಳಿಲ್ಲ, ನನ್ನ ಮಾತಿಗೆ ಆ ಅರ್ಥ ಬೇಡ. ಸೈಲೆನ್ಸರ್ ಬದಲಾಯಿಸಿ ಊರ ನಿದ್ದೆ ಕೆಡಿಸುವವರು ಇದ್ದಾರೆ, ಅದು ಕಾನೂನಿಗೆ ವಿರುದ್ಧ, ನನಗೂ ಅವರ ಮೇಲೆ ಸಿಟ್ಟಿದೆ. ಆದರೆ ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಹೋಗುವವರೆಲ್ಲ ಅಂಥವರಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಕಂತಿನ ಮೇಲೆ ಬೈಕ್ ಕೊಂಡು, ಒಂದು ಬೆಳಗಿನ ಗಾಳಿಗಾಗಿ ನಾಲ್ಕು ಗಂಟೆಗೆ ಏಳುವ ಹುಡುಗ ಹುಡುಗಿಯರು ಅವರು. ಇಡ್ಲಿ ತಿಂದು ಮನೆಗೆ ಬರುತ್ತಾರೆ. ಅದರಲ್ಲಿ ಯಾರಿಗೇನು ನಷ್ಟ? ಇನ್ನು ನಿಜವಾಗಿ ಜೀವ ಪಣಕ್ಕಿಟ್ಟವರೂ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ, 36ನೇ ಸ್ಥಾನ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಅದೇ ರ್‍ಯಾಲಿಯಲ್ಲಿ ಬಿದ್ದಾಗ ವೈದ್ಯರು ಅವರನ್ನು ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಇದನ್ನು ಶೋಕಿ ಅನ್ನುವ ಬಾಯಿ ನನಗಿಲ್ಲ. ನನಗೆ ಬ್ರೇಕ್ ಕಲಿಸಿದ ಹುಡುಗ ಆ ದಾರಿಯವನೇ.

ಕೊನೆಯ ಪತ್ರ ಬಂದದ್ದು ಬಾಳೆಹೊನ್ನೂರು ಕಡೆಯ ತೋಟದ ಕೆಲಸಗಾರರೊಬ್ಬರಿಂದ. ಮಗಳ ಕೈಲಿ ಬರೆಸಿದ್ದಾರೆ. “ನನ್ನದು ಟಿವಿಎಸ್ ಎಕ್ಸೆಲ್. ಹಿಂದೆ ಗೊಬ್ಬರದ ಮೂಟೆ ಇರುತ್ತದೆ. ನೀವು ಆ ಲೇಖನದಲ್ಲಿ ಮುಂದಿನ ಬ್ರೇಕ್ ಅಂತ ಬರೆದಿರಿ. ಎಷ್ಟು ಹಿಡಿಯಬೇಕು?”

ಅಣ್ಣಾ, ಮೊದಲು ಮೂಟೆ ಇಳಿಸಿ, ಖಾಲಿ ಗಾಡಿಯಲ್ಲಿ, ಒಣಗಿದ ಗಟ್ಟಿ ನೆಲದ ಮೈದಾನದಲ್ಲಿ ಅಭ್ಯಾಸ ಮಾಡಿ. ಹೆಲ್ಮೆಟ್ ಹಾಕಿಕೊಳ್ಳಿ. ವೇಗ ಇಪ್ಪತ್ತು ಸಾಕು. ಹ್ಯಾಂಡಲ್ ನೇರ ಇರಲಿ, ತಿರುಗಿಸಿದಾಗ ಮುಂದಿನದನ್ನು ಹಿಡಿಯಬೇಡಿ. ಬಲಗೈ ಬ್ರೇಕನ್ನು ತಟ್ಟನೆ ಎಳೆಯಬೇಡಿ, ಒದ್ದೆ ಬಟ್ಟೆ ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಬನ್ನಿ, ಹಿಂದಿನದನ್ನು ಜೊತೆಗೆ ಹಗುರಾಗಿ ಹಿಡಿಯಿರಿ. ನಿಂತ ಜಾಗಕ್ಕೆ ಒಂದು ಕಲ್ಲಿಡಿ, ಮುಂದಿನ ಸಲ ಅದಕ್ಕಿಂತ ಮೊದಲೇ ನಿಲ್ಲುತ್ತದೆಯೇ ನೋಡಿ. ಕೈಗೆ ಅಂದಾಜು ಬಂದ ಮೇಲೆ ಅರ್ಧ ಮೂಟೆ ಹೇರಿ ಅದನ್ನೇ ಮತ್ತೆ ಮಾಡಿ. ಹೊರೆ ಇದ್ದಾಗ ಗಾಡಿ ನಿಲ್ಲಲು ಹೆಚ್ಚು ಜಾಗ ಬೇಕು, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಮಣ್ಣು, ಜಲ್ಲಿ, ಕೊಳೆತ ಎಲೆಯ ಮೇಲೆ ಯಾವ ಬ್ರೇಕನ್ನೂ ಬಿಗಿ ಹಿಡಿಯುವ ಹಾಗಿಲ್ಲ, ಅಲ್ಲಿಗೆ ಬರುವ ಮೊದಲೇ ವೇಗ ಇಳಿಸಿರಬೇಕು. ಬ್ರೇಕಿನ ಕೇಬಲ್ಲು ಸಡಿಲವಾಗಿದ್ದರೆ ಅವತ್ತೇ ಮೆಕ್ಯಾನಿಕ್ ಹತ್ತಿರ ಬಿಗಿ ಮಾಡಿಸಿ. ಮಗಳನ್ನೂ ಕರೆದುಕೊಂಡು ಹೋಗಿ, ಕಲ್ಲಿಡುವ ಕೆಲಸ ಅವಳಿಗೆ ಕೊಡಿ.